ಕೇಳದೆ ಬಿಟ್ಟ ಹರಗೋಲು

ತಂಗಡಗಿಯ ಅಂಬಿಗ ಹರಗೋಲು ಹತ್ತಿದ ಒಬ್ಬೊಬ್ಬರನ್ನೂ "ಬಿಡೂಣೇನ್ರಿ?" ಎಂದು ಕೇಳುತ್ತಿದ್ದ. ಎಲ್ಲರೂ ಹೂಂ ಅನ್ನುವವರೆಗೆ ಹುಟ್ಟು ಹಾಕುತ್ತಿರಲಿಲ್ಲ. "ನನ್ನ ಆಡನ್ನೂ ಕೇಳಪಾ" ಎಂದು ಮುದುಕಿಯೊಬ್ಬಳು ಕೆಣಕಿದರೆ ಅದನ್ನೂ ಕೇಳುತ್ತಿದ್ದ.

ಎಪ್ಪತ್ತೈದನೆಯ ಇಸವಿಯಲ್ಲಿ ನಾನು ಆಚೆ ದಂಡೆಯ ಶಾಲೆಗೆ ಹೊಸ ಮಾಸ್ತರ. ಹೊಳೆ ದಾಟುವಾಗ ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಸಮುದ್ರದಾಚೆಯ ಒಂದು ದ್ವೀಪ ತಮ್ಮದೆಂದು ಎರಡು ದೇಶಗಳು ಆ ವರ್ಷವೆಲ್ಲ ಜಗಳಾಡಿದವು.

"ಅಲ್ಲಿ ಇರಾವ್ರನ್ನ ಯಾರರ ಕೇಳಿದ್ರೇನ್ರಿ, ಮಾಸ್ತರ್ರ?"

"ಇನ್ನೂ ಇಲ್ಲಪಾ."

ಈ ಪ್ರಶ್ನೆಯನ್ನು ಅವನು ಹನ್ನೊಂದು ಸಲ ಕೇಳಿದ್ದು ನನ್ನ ದಿನಚರಿಯಲ್ಲಿದೆ. ಉತ್ತರ ಹನ್ನೊಂದು ಸಲವೂ ಅದೇ.

ಡಿಸೆಂಬರಿನಲ್ಲಿ ಸರಕಾರದ ಮೋಜಣಿಯವರು ಅಳತೆಗೆ ಬಂದು, ಹೊಸ ಅಣೆಕಟ್ಟಿನ ನೀರು ಇಲ್ಲಿಯವರೆಗೆ ನಿಲ್ಲುತ್ತದೆ ಎಂದು ಅವನ ಮನೆಯ ಗೋಡೆಗೆ, ಬಾಗಿಲಿಗಿಂತ ಎತ್ತರದಲ್ಲಿ, ಕೆಂಪು ಗೆರೆ ಎಳೆದರು.

"ನಮ್ಮನ್ನ ಯಾರೂ ಕೇಳಲಿಲ್ಲಲ್ರಿ, ಸಾಹೇಬ್ರ?" ಎಂದ.

"ನಿಮ್ಮನ್ನೇನ್ ಕೇಳೂದೋ? ಎಲ್ಲಾ ಕಾಗದದಾಗ ಬರದಾಗೇತಿ."

ಸಂಜೆ ಅವರನ್ನು ದಾಟಿಸುವಾಗ ಅವನು ಯಾರನ್ನೂ ಕೇಳದೆ ಹರಗೋಲು ಬಿಟ್ಟ. ಮರುದಿನ ನಮ್ಮನ್ನೂ ಕೇಳಲಿಲ್ಲ. ಆಡಿನ ಮುದುಕಿ ಕಾದು ನೋಡಿ, ಕೊನೆಗೆ ತಾನಾಗಿಯೇ "ಹೂಂ, ಬಿಡಪಾ" ಅಂದಳು. ಆಗ ನಾವು ನಡುಹೊಳೆಯಲ್ಲಿದ್ದೆವು.