ಹೊಟ್ಟೆ ತುಂಬಿಸಿದ ಕೌದಿ

ಬೆಳಿಗ್ಗೆ ಟ್ರಂಕು ತೆಗೆದೆ. ಡಾಂಬರ ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಹಳೆಯ ಸೀರೆ ತೆಗೆಯಲು ಹೋದ ಕೈ ಅಲ್ಲೇ ನಿಂತಿತು. ಈ ವಾಸನೆ ಬಂದರೆ ನಿಮಗೆ ಮದುವೆಯ ಸೀರೆಯೋ ಅಪ್ಪನ ಕೋಟೋ ನೆನಪಾಗಬಹುದು. ನನಗೆ ಮಾತ್ರ ಬೆರಳ ತುದಿಗಳು ತಣ್ಣಗಾಗುತ್ತವೆ. ಯಾಕೆಂದು ಹೇಳುತ್ತೇನೆ, ಆದರೆ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಕೌದಿ ಹೊಲಿಯುವ ಹಾಗೆಯೇ ಬರೆಯುತ್ತೇನೆ. ಅಂಚಿನಿಂದ ಹಿಡಿದು, ಸುತ್ತು ಹಾಕುತ್ತ, ಕೊನೆಗೆ ನಡುವಿಗೆ ಬರಬೇಕು.

ರಾಯಬಾಗದ ನಮ್ಮ ಓಣಿಯಲ್ಲಿ ಕೌದಿಯ ಮಾತು ಬಂದರೆ ಹೆಂಗಸರು ನನ್ನ ಮನೆಯ ಕಡೆ ಕೈ ತೋರಿಸುತ್ತಾರೆ. ಬಂದವರಿಗೆ ನಾನು ಹೇಳುವುದು ಇಷ್ಟೇ. ಒಗೆದೊಗೆದು ಮೆತ್ತಗಾದ ಹತ್ತಿಯ ಸೀರೆಯೇ ಒಳ್ಳೆಯದು. ಜರಿ ಬೇಡ, ಕೂಸಿನ ಮೈ ಗೀಚುತ್ತದೆ. ದಾರದ ಗಂಟು ಒಳಗೇ ಉಳಿಯಲಿ. ಸೂಜಿ ಬಿಗಿಯಾದರೆ ಒಮ್ಮೆ ತಲೆಗೂದಲಲ್ಲಿ ಆಡಿಸಿರಿ, ಕೂದಲ ಎಣ್ಣೆ ತಾಗಿ ಸಲೀಸಾಗಿ ಓಡುತ್ತದೆ. ಒಂದು ಸುತ್ತು ಮುಗಿದಾಗ ಎದ್ದು ಹಿತ್ತಲಿಗೆ ಹೋಗಿ ದೂರದ ಬೇವಿನ ಮರ ನೋಡಿರಿ, ಕಣ್ಣು ತಂಪಾಗುತ್ತದೆ, ಸೊಂಟವೂ ನೆಟ್ಟಗಾಗುತ್ತದೆ. ಹಸಿವಿನಲ್ಲಿ ಸೂಜಿ ಹಿಡಿಯಬೇಡಿರಿ, ಅವಸರದಲ್ಲಂತೂ ಮುಟ್ಟಲೇಬೇಡಿರಿ. ಕೊನೆಗೆ, ಹಾಳಾದ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತ ಬಳಿಯಲ್ಲಿರಲಿ. ಹೊಲಿದು ಮುಗಿದ ಮೇಲೆ ಅದನ್ನು ಕೌದಿಯ ಮೇಲೆಲ್ಲ ಆಡಿಸಿರಿ. ಈ ಕೊನೆಯ ಮಾತು ಕೇಳಿದವರು ನನ್ನನ್ನು ಭಾಳ ಜಾಣೆ ಎನ್ನುತ್ತಾರೆ. ಅದು ಜಾಣತನವಲ್ಲ, ಹೆದರಿಕೆ.

ನಮ್ಮ ತವರು ಐಗಳಿ. ಮನೆಯಲ್ಲಿ ನಾವು ಇಬ್ಬರೇ ಹೆಣ್ಣುಮಕ್ಕಳು. ಅಕ್ಕ ಚಂದಾಗಿ ಓದುತ್ತಿದ್ದಳು, ನನಗೆ ಮಗ್ಗಿ ಹೇಳಲು ನಿಂತರೆ ಹೊಟ್ಟೆ ನೋಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಕ್ಕನ ಮದುವೆ ಏಕಸಂಬಿಗೆ ಆಯಿತು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು, ರೂಪಾ. ಐದನೆಯ ತಿಂಗಳಲ್ಲಿ ಕೂಸನ್ನು ಗಂಡನ ಮನೆಗೆ ಕಳಿಸುವಾಗ ತೊಟ್ಟಿಲ ಕೌದಿ ತವರಿನಿಂದಲೇ ಹೋಗಬೇಕು. ಅವ್ವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಅವ್ವನ ಹಸಿರು ಸೀರೆ, ಅಕ್ಕನ ಲಂಗ, ಅಜ್ಜಿಯ ಕೆಂಪು ಕುಪ್ಪಸದ ತುಣುಕುಗಳು. ಹೊಲಿಯುತ್ತ ಹೋದಂತೆ ನನಗೇ ಅಚ್ಚರಿಯಾಯಿತು, ಸಾಲು ಅಷ್ಟು ನೇರ ಬರುತ್ತಿತ್ತು. ನೆರೆಯ ಕಾಕು ಬಂದು ನೋಡಿ, ಇರುವೆ ಸಾಲು ಹಚ್ಚಿದ ಹಾಗಿದೆ ಎಂದಳು. ಅವ್ವ ಸುಮ್ಮನಿರದೆ, ಹಿರಿಯವಳು ಸಾಲೆ ಕಲಿತಳು, ಸಣ್ಣವಳು ಸೂಜಿ ಕಲಿತಳು ಎಂದು ಓಣಿಗೆಲ್ಲ ಸಾರಿದಳು. ನನ್ನ ಕೈಯ ಕೆಲಸ ನೋಡಲು ಜನ ಮನೆಗೆ ಬಂದದ್ದು ಅದೇ ಮೊದಲು.

ನಮ್ಮ ಕಡೆ ಕೌದಿಯನ್ನು ಬರಿ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಸುತ್ತು ಹೊಲಿಯುತ್ತ ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಬಿಟ್ಟು, ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು, ಮೇಲೆ ತುಣುಕು ಮುಚ್ಚಿ ಹೊಲಿಯುತ್ತೇವೆ. ಅದೇ ಕೌದಿಯ ಹೊಟ್ಟೆ. ಅದರ ಮೇಲೆ ಮಲಗಿದವರು ಹಸಿದು ಏಳಬಾರದೆಂದು ಈ ಪದ್ಧತಿ. ಅಕ್ಕ ಹೊರಡುವ ದಿನ ಬೆಳಿಗ್ಗೆ ಅವ್ವ ರೊಟ್ಟಿಯ ಚೂರು ಇಟ್ಟು, ನನ್ನ ತಲೆ ಮುಟ್ಟಿ ಹೇಳಿದಳು:

"ಇನ್ನ ಮುಚ್ಚು. ಹೊಟ್ಟಿ ತುಂಬಿಸಿದ ಕೌದಿ ಮತ್ತ ಬಿಚ್ಚಬಾರದವ್ವ. ಕೂಸಿನ ಬಾಯಾಗಿನ ತುತ್ತು ಕಸಗೊಂಡಂಗ."

ಅಥಣಿಯ ಬಸ್ಸಿನ ಹೊತ್ತಾಗಿತ್ತು. ಹೊರಗೆ ಅಪ್ಪ ಕೂಗುತ್ತಿದ್ದ. ಆ ಕೊನೆಯ ತುಣುಕಿನ ಕೆಳಗೆ ಬಟ್ಟೆ ದಪ್ಪವಾಗಿತ್ತು. ನಾನು ಜೋರಿನಿಂದ ಒತ್ತಿದೆ. ಟಕ್ಕೆಂದಿತು. ಕೈಯಲ್ಲಿ ಸೂಜಿಯ ಕಣ್ಣಿನ ಕಡೆಯ ಅರ್ಧ ಮಾತ್ರ ಉಳಿದಿತ್ತು. ಮೊನೆಯ ತುಂಡು ಒಳಗೆ.

ಬೆರಳಿನಿಂದ ಒತ್ತಿ ನೋಡಿದೆ, ಸಿಗಲಿಲ್ಲ. ಕೂಗಿದ್ದರೆ ಅವ್ವ ಬಂದುಬಿಡುತ್ತಿದ್ದಳು, ಅವಳು ನಿಂತದ್ದು ನಾಲ್ಕು ಹೆಜ್ಜೆ ಆಚೆ. ಆದರೆ ಹೊಟ್ಟೆ ತುಂಬಿಸಿಯಾಗಿತ್ತು, ಬಸ್ಸು ಬರುವುದಿತ್ತು, ಓಣಿಯ ಹೆಂಗಸರು ಕೌದಿ ನೋಡಲೆಂದು ಬಾಗಿಲಲ್ಲಿ ನಿಂತಿದ್ದರು. ಇವೆಲ್ಲ ನಾನು ಆಮೇಲೆ ಜೋಡಿಸಿಕೊಂಡ ಕಾರಣಗಳು. ನಿಜವೆಂದರೆ ಆ ಒಂದು ಹೊಗಳಿಕೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬೇರೆ ಸೂಜಿ ಪೋಣಿಸಿ ಮುಚ್ಚಿದೆ. ಅಕ್ಕ ಕೌದಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.

ಅಂದಿನಿಂದ ನನ್ನ ಹೊಟ್ಟೆಯೊಳಗೇ ಆ ತುಂಡು ಓಡಾಡತೊಡಗಿತು. ಮೈಯೊಳಗೆ ಹೊಕ್ಕ ಸೂಜಿ ರಕ್ತದ ಜೊತೆ ನಡೆದು ಎದೆಗೆ ಹೋಗುತ್ತದೆ ಎಂದು ಕಾಕು ಯಾರದೋ ಕತೆ ಹೇಳಿದ್ದಳು. ಏಕಸಂಬಿಯಿಂದ ಬಂದವರು, ಕೂಸಿಗೆ ಜ್ವರ ಎಂದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಕೂಸು ಕೆಳಗೆ ಮಲಗಿಸಿದರೆ ಅಳುತ್ತದೆ, ಎತ್ತಿಕೊಂಡರೆ ಸುಮ್ಮನಾಗುತ್ತದೆ ಎಂದರು. ಎಲ್ಲ ಕೂಸುಗಳೂ ಹಾಗೇ ಎಂಬುದು ಲೋಕಕ್ಕೆ ಗೊತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಹೋದೆ. ತೊಟ್ಟಿಲಲ್ಲಿ ಕೌದಿ ಕಾಣಲಿಲ್ಲ. ಒಗೆಯಲು ಹಾಕಿರಬೇಕು ಎಂದುಕೊಂಡೆ. ಎಲ್ಲಿ ಎಂದು ಕೇಳಿದರೆ ಅಕ್ಕ ಯಾಕೆ ಎಂದು ಕೇಳುತ್ತಾಳಲ್ಲ? ಕೂಸಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಬೆನ್ನೆಲ್ಲ ತಡವಿದೆ. ಒಂದು ಕೆಂಪು ಚುಕ್ಕೆ ಇತ್ತು. ಸೊಳ್ಳೆ ಕಡಿದದ್ದು ಎಂದು ಅಕ್ಕ ನಕ್ಕಳು. ನಾನು ಮುಂದಿನ ಬಸ್ಸಿಗೇ ಹೊರಟುಬಂದೆ.

ಆಮೇಲೆ ಹೋಗಲಿಲ್ಲ. ರಾಯಬಾಗಕ್ಕೆ ಮದುವೆಯಾಗಿ ಬಂದ ಮೇಲಂತೂ ನೆಪಗಳಿಗೆ ಬರವಿರಲಿಲ್ಲ. ಎಮ್ಮೆ ಈಯುವುದಿದೆ, ಅತ್ತೆಗೆ ಮೈ ಸರಿಯಿಲ್ಲ, ಕಬ್ಬು ಕಡಿಯುವವರು ಬಂದಿದ್ದಾರೆ. ನಮ್ಮ ಎಮ್ಮೆಯಷ್ಟು ಸಲ ಈದ ಎಮ್ಮೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಮದುವೆ ಮುಂಜಿಗಳಲ್ಲಿ ಅಕ್ಕ ಸಿಕ್ಕರೆ ದೂರದಿಂದಲೇ ಮಾತಾಡಿ ಜಾರಿಕೊಳ್ಳುತ್ತಿದ್ದೆ. ರೂಪಾ ಲಂಗ ಎತ್ತಿಕೊಂಡು ಓಡುತ್ತಿದ್ದರೆ, ಎಲ್ಲಾದರೂ ಕುಂಟುತ್ತಾಳೇನೋ ಎಂದು ಕಾಲುಗಳನ್ನೇ ನೋಡುತ್ತಿದ್ದೆ. ಅವಳನ್ನು ಒಮ್ಮೆಯೂ ಮಡಿಲಲ್ಲಿ ಕೂಡಿಸಿಕೊಳ್ಳಲಿಲ್ಲ. ಅವ್ವ ತೀರಿಕೊಂಡಳು, ಅವಳಿಗೂ ಹೇಳಲಿಲ್ಲ.

ರೂಪಾ ಬೆಳೆದಳು, ಮದುವೆಯಾಯಿತು, ಚೊಚ್ಚಲಕ್ಕೆ ತಾಯಿಯ ಮನೆಗೆ ಬಂದಳು. ಹೋದ ವರ್ಷದ ಮಾತು. ಕೂಸು ಹುಟ್ಟಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಹೇಳದೆ ಕೇಳದೆ ಚಿಕ್ಕೋಡಿ ಬಸ್ಸಿನಿಂದ ಇಳಿದು ನನ್ನ ಮನೆಗೆ ಬಂದಳು. ಬಗಲಲ್ಲಿ ಒಂದು ಗಂಟು. ಬಿಚ್ಚಿದಾಗ ಈ ಡಾಂಬರ ಗುಳಿಗೆಯ ವಾಸನೆ ಪಡಸಾಲೆಯೆಲ್ಲ ಹರಡಿತು. ಒಳಗೆ ಆ ಕೌದಿ. ಹಸಿರು ಹಸಿರಾಗಿಯೇ, ಕೆಂಪು ಕೆಂಪಾಗಿಯೇ ಇತ್ತು, ನಿನ್ನೆ ಹೊಲಿದ ಹಾಗೆ.

"ಒಂದ ದಿನಾನೂ ಹಾಸಿಲ್ಲ ಬೇ ಇದನ್ನ," ಎಂದಳು ಅಕ್ಕ. "ಇಷ್ಟ ಚಂದ ಹೊಲದೀದಿ, ಕೂಸು ಉಚ್ಚಿ ಹೊಯ್ದು ಹೊಲಸ ಮಾಡತೈತಿ ಅಂತ ಟ್ರಂಕಿನಾಗ ಇಟ್ಟಿದ್ದೆ. ರೂಪಾ ಹಳೇ ಧೋತರದ ಮ್ಯಾಲ ಬೆಳದ್ಲು. ಈಗ ಆಕಿ ಕೂಸಿಗೆ ಹಾಸೂಣು. ಅಂಚಿನಾಗ ಒಂದೀಟು ದಾರ ಬಿಟ್ಟೈತಿ, ಹೊಲದು ಕೊಡು."

ನನಗೆ ಒಂದು ಉಸಿರಿನಷ್ಟು ಹೊತ್ತು ಹಗುರಾಯಿತು. ಮರುಗಳಿಗೆಗೆ ಹಳೆಯ ಹೆದರಿಕೆ ಹೊಸ ಕೂಸನ್ನು ಹುಡುಕಿಕೊಂಡು ಬಂದಿದೆ ಎಂಬುದು ತಿಳಿಯಿತು. ಉಪಾಯವೂ ಹೊಳೆಯಿತು. ಬಿಟ್ಟು ಹೋಗು, ನಾಳೆ ಕಳಿಸುತ್ತೇನೆ ಎಂದರೆ ಸಾಕು. ಅವಳು ಹೋದ ಮೇಲೆ ಬಿಚ್ಚಿ, ತುಂಡು ತೆಗೆದು, ಹೊಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಕೌದಿಯನ್ನು ತೊಡೆಯ ಮೇಲೆ ಹರವಿ, ಕೂಸಿನ ಬೆನ್ನು ಸವರುವ ಹಾಗೆ ಅದರ ನಡುವನ್ನು ಅಂಗೈಯಿಂದ ಒತ್ತಿ ಒತ್ತಿ ಸವರತೊಡಗಿದಳು.

"ಅಕ್ಕ, ಕೈ ತಗಿ. ಅದರಾಗ ಸೂಜಿ ಐತಿ."

ಅವಳು ನಕ್ಕಳು. "ಸೂಜಿ ಇಲ್ಲದ ಕೌದಿ ಯಾರರ ಹೊಲದಾರೇನ?"

"ಮುರದ ಸೂಜಿ. ನೀ ಬಸ್ ಹತ್ತೋ ದಿನಾನ ಮುರದಿತ್ತು. ನನಗ ಗೊತ್ತಿತ್ತು."

ಅಕ್ಕನ ಕೈ ನಿಂತಿತು. ನಗೆ ಮುಖದ ಮೇಲೆಯೇ ಆರಿತು. ಕೌದಿಯನ್ನು ತೊಡೆಯಿಂದ ಕೆಳಗಿಳಿಸಿ ಕೇಳಿದಳು:

"ಕೂಸು ಇದರ ಮ್ಯಾಲ ಮಲಗತೈತಿ ಅಂತ ತಿಳದೂ ಸುಮ್ಮನಿದ್ದೀ?"

ಹೌದು ಎಂದೆ. ಮಲಗಲಿಲ್ಲವಲ್ಲ ಎನ್ನುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅವಳು ಮಲಗಿಸಲಿಲ್ಲ, ಅದು ಅವಳ ಪ್ರೀತಿ. ಅದರಲ್ಲಿ ನನ್ನದೇನೂ ಇಲ್ಲ.

"ಅದಕ್ಕ ನೀ ಬರತಿರಲಿಲ್ಲೇನ? ನಾನ ಏನೋ ಅಂದೇನಿ, ಮನಸಿಗೆ ಹತ್ತೇತಿ ಅಂತ ಇಷ್ಟ ವರ್ಷ ಹುಡುಕಾಡಿದೆ."

ಇದನ್ನು ನಾನು ಎಣಿಸಿರಲಿಲ್ಲ. ಚುಚ್ಚುವುದು ಕೂಸಿಗೆ ಎಂದೇ ಹೆದರಿದ್ದೆ. ನನ್ನ ಮೌನ ಅಷ್ಟು ವರ್ಷ ಅಕ್ಕನನ್ನು ಚುಚ್ಚುತ್ತಿತ್ತು.

ಹೊಟ್ಟೆ ತುಂಬಿಸಿದ್ದನ್ನು ಬಿಚ್ಚಬಾರದು ಎಂದು ಅವ್ವ ಹೇಳಿದ್ದಳೆಂದು ತೊದಲಿದೆ. ಅಕ್ಕ ನನ್ನನ್ನೇ ನೋಡಿದಳು.

"ಅವ್ವಗ ಗೊತ್ತಾಗಿದ್ರ ಹಲ್ಲೀಲೆ ಕಡದು ಬಿಚ್ಚತಿದ್ಲು. ಕತ್ತರಿ ತಾ."

ಮೊದಲು ಅಯಸ್ಕಾಂತ ತಂದೆ. ಕೌದಿಯ ಮೇಲೆ ಆಡಿಸುತ್ತ ಬಂದಾಗ, ಸರಿಯಾಗಿ ಹೊಟ್ಟೆಯ ಮೇಲೆ ಬಟ್ಟೆ ಸಣ್ಣಗೆ ಮೇಲೆದ್ದಿತು. ಉಸಿರಾಡಿದ ಹಾಗೆ. ಅಕ್ಕನೇ ದಾರ ಕತ್ತರಿಸಿದಳು. ರೊಟ್ಟಿ ಧೂಳಾಗಿತ್ತು. ಆ ಧೂಳಿನಲ್ಲಿ ಬೆರಳ ಗೆಣ್ಣಿನಷ್ಟುದ್ದದ ತುಕ್ಕು ಹಿಡಿದ ಮೊನೆ. ಅಕ್ಕ ಅದನ್ನು ಖಾಲಿ ಬಾಮಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಆಮೇಲೆ ಎದ್ದು ನನ್ನ ಅಡುಗೆಮನೆಗೆ ಹೋಗಿ, ಬುಟ್ಟಿಯೊಳಗಿನ ರೊಟ್ಟಿ ಮುರಿದು ತಂದು, ತಾನೇ ಇಟ್ಟಳು. ಹೊಲಿ, ನಾನು ಇಲ್ಲೇ ಕೂತಿರುತ್ತೇನೆ ಎಂದಳು. ಹೋಗಲಿ ಬಿಡು ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಬಸ್ಸು ಹತ್ತುವಾಗ ತಿರುಗಿ, ಕೂಸನ್ನು ನೋಡಲು ಬರುತ್ತೀಯೋ, ಈ ಸಲವೂ ಎಮ್ಮೆ ಈಯುವುದಿದೆಯೋ ಎಂದಳು.

ಹೋದೆ. ರೂಪಾಳ ಮಗ ನನ್ನ ಮಡಿಲಲ್ಲೇ ನಿದ್ದೆ ಹೋದ. ಕೆಳಗೆ ಮಲಗಿಸುವ ಮುಂಚೆ ಕೌದಿಯನ್ನೆಲ್ಲ ಅಂಗೈಯಿಂದ ತಡವಿದೆ. ಏನೂ ಇಲ್ಲವೆಂದು ಗೊತ್ತಿದ್ದೂ ತಡವಿದೆ. ಈ ಹೆದರಿಕೆ ಹೋಗುವಂಥದಲ್ಲ.

ಆ ಹುಡುಗ ಈಗ ಕೌದಿ ದಾಟಿ ನೆಲವೆಲ್ಲ ಅಂಬೆಗಾಲಿಡುತ್ತಾನಂತೆ. ದೊಡ್ಡದೊಂದು ಬೇಕು. ಅದಕ್ಕೇ ಈ ಟ್ರಂಕು ತೆಗೆದದ್ದು. ಅಕ್ಕ ನಿನ್ನೆಯೇ ಬಂದಿದ್ದಾಳೆ, ಎದುರಿಗೆ ಕಾಲು ಚಾಚಿ ಸೀರೆಯ ಇನ್ನೊಂದು ಅಂಚು ಹಿಡಿದಿದ್ದಾಳೆ. ಒಂದೊಂದು ಸುತ್ತು ಮುಗಿದಾಗಲೂ ತಲೆ ಎತ್ತದೆ ಕೇಳುತ್ತಾಳೆ:

"ಸೂಜಿ ಐತೇನ ಲೇ?"

ನಾನು ಅದನ್ನು ಬಾಗಿಲ ಬೆಳಕಿಗೆ ಎತ್ತಿ, ಕಣ್ಣಿನಿಂದ ಮೊನೆಯವರೆಗೆ ತೋರಿಸುತ್ತೇನೆ.

"ಐತಿ ಅಕ್ಕ. ಪೂರಾ ಐತಿ."