ಖಣ ತಿನ್ನುತ್ತಿದ್ದ ಮನೆಬಂಡಿ

ಈ ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷ ಇನ್ನೂ ಮುಗಿದಿರಲಿಲ್ಲ. ನಿಮ್ಮ ಅಜ್ಜ ಇಳಕಲ್ಲಿನ ಸಾವುಕಾರರೊಬ್ಬರ ಮಗ್ಗದ ಸೀರೆಗಳನ್ನು ಹುನಗುಂದ, ಬಾಗಲಕೋಟೆ, ಬಾದಾಮಿ ಕಡೆಯ ಮನೆಗಳಿಗೆ ಒಯ್ದು ಮಾರುತ್ತಿದ್ದರು. ಆ ವ್ಯಾಪಾರದಲ್ಲಿ ನಿಮ್ಮ ಅಜ್ಜಿಯಾದ ನಾನೂ ಅರ್ಧ. ಮಾತನಾಡುವ ಅರ್ಧ ಅವರು, ಮಾತನಾಡದ ಅರ್ಧ ನಾನು. ಸೀರೆ ಬಿಚ್ಚುವುದು, ಸೆರಗು ಹರವಿ ತೋರಿಸುವುದು, ಮತ್ತೆ ಮೊದಲಿನ ಮಡಿಕೆಗೇ ಮಡಚುವುದು ನನ್ನ ಕೆಲಸ. ಗಿರಾಕಿ ಹೆಂಗಸರು ಏನಾದರೂ ಕೇಳಿದರೆ ನಾನು ಅಜ್ಜನ ಮುಖ ನೋಡುತ್ತಿದ್ದೆ. ಉತ್ತರ ಅಲ್ಲಿಂದ ಬರುತ್ತಿತ್ತು. ಹಳ್ಳಿಯ ಸಾಲೆಯಲ್ಲಿ ಓದು ಬರಹ ಕಲಿತಿದ್ದರೂ ಅಪರಿಚಿತರ ಮುಂದೆ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಅದು ತೆರೆದ ಒಂದು ದಿನದ ಸಂಗತಿಯನ್ನು ಹೇಳು ಹೇಳು ಎಂದು ನೀವು ಕಾಡುತ್ತೀರಿ. ಹೇಳಲು ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಂಡಿಯ ವಿಷಯ. ಜಮೀನು ಅಳೆಯುವ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ಬಾಗಲಕೋಟೆಯಲ್ಲಿ ಅವನ ಸಾಮಾನನ್ನು ಸವಾಲು ಕೂಗಿ ಲಿಲಾವು ಮಾಡಿದರು. ಲಾಟೀನು ತರಲು ಹೋದ ಅಜ್ಜ ಮನೆಯನ್ನೇ ತಂದರು. ನಾಲ್ಕು ಗಾಲಿಗಳ ಮೇಲೆ ಕಟ್ಟಿಗೆಯ ಕೋಣೆ, ಗಾಜಿನ ಕಿಟಕಿ, ಮಡಚುವ ಮಂಚ, ಪುಸ್ತಕ ಇಡುವ ಗೂಡು, ತಗಡಿನ ಸ್ನಾನದ ತೊಟ್ಟಿ. ಸಾಹೇಬ ಕ್ಯಾಂಪಿಗೆ ಹೋದಾಗ ಅದರಲ್ಲೇ ವಾಸ ಮಾಡುತ್ತಿದ್ದನಂತೆ. ಎರಡು ಎತ್ತು ಹೂಡಿದರೆ ಮನೆಯೇ ನಡೆಯುತ್ತಿತ್ತು. ಪುಸ್ತಕದ ಗೂಡಿನಲ್ಲಿ ನಮ್ಮ ದೇವರು ಕುಳಿತರು. ಸ್ನಾನದ ತೊಟ್ಟಿಯಲ್ಲಿ ದಾರಿಗೆಂದು ಬಡಿದ ಒಣ ರೊಟ್ಟಿ ತುಂಬಿದೆವು.

"ಇನ್ನ ಯಾರ ಪಡಸಾಲ್ಯಾಗೂ ಮಲಗೂದು ಬ್ಯಾಡ ನೋಡು. ನಮ್ಮ ಮನಿ ನಮ್ಮ ಬೆನ್ನಿಗೇ ಐತಿ" ಎಂದು ಅಜ್ಜ ಹಿಗ್ಗಿದರು.

ಬೆನ್ನಿಗೆ ಇತ್ತು ನಿಜ, ಇಳಿಯುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಸುರಿದರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಎಲ್ಲ ಗಾಡಿಗಳಿಗೂ ಇರುವ ಖರ್ಚು. ನಮ್ಮ ಬಂಡಿಗೆ ಇದರ ಮೇಲೆ ಸಾಹೇಬನ ಚಾಳಿಗಳೂ ಇದ್ದವು. ಮುಂದಿನ ಗಾಲಿ ಸಣ್ಣವು, ಹಿಂದಿನವು ದೊಡ್ಡವು, ಕೆಳಗೆ ಸ್ಪ್ರಿಂಗು, ಮೇಲೆ ಮಾಳಿಗೆಗೆ ಸೋರದಿರಲೆಂದು ಡಾಂಬರು ಬಳಿದ ಕ್ಯಾನ್ವಾಸು. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು.

ಸೀರೆ ಗಿರಾಕಿಗೆ ಮುಟ್ಟಿದ ಮೇಲೆಯೇ ನಮಗೆ ರೊಕ್ಕ. ದಾರಿಯಲ್ಲಿ ಕೈ ಖಾಲಿ. ಹಾಗಾಗಿ ರಿಪೇರಿಗೆ, ಸೀರೆಯ ಜೊತೆ ಮಾರಲು ಕೊಂಡಿಟ್ಟಿದ್ದ ಕುಬಸದ ಬಟ್ಟೆ, ಖಣ ಕೊಡುತ್ತಿದ್ದೆವು: ಹಳಿಗೆ ಒಂದು, ಸ್ಪ್ರಿಂಗಿಗೆ ಎರಡು. ವರ್ಷ ತುಂಬುವುದರೊಳಗೆ ದಾರಿಯುದ್ದದ ಕಮ್ಮಾರರ, ಬಡಿಗರ ಹೆಂಡಂದಿರೆಲ್ಲ ನಮ್ಮ ಖಣದ ಕುಬಸ ತೊಟ್ಟಿದ್ದರು. ಬಾವಿಕಟ್ಟೆಯ ಮೇಲೆ ಹೊಸ ಕುಬಸದ ಹೆಂಗಸು ಕಂಡರೆ "ಈಕೀದು ಹಿಂದಿನ ಎಡಗಾಲಿ" ಎಂದು ಮನಸ್ಸಿನಲ್ಲೇ ಗುರುತು ಹಿಡಿಯುತ್ತಿದ್ದೆ. ಅಮೀನಗಡದ ಕಮ್ಮಾರ ಇಮಾಮಸಾಬ ನಮ್ಮನ್ನು ದೂರದಿಂದ ಕಂಡ ಕೂಡಲೇ ಹೆಂಡತಿಗೆ ಕೂಗು ಹಾಕುತ್ತಿದ್ದ: "ಏ, ಯಾವ ಬಣ್ಣದ್ದು ಬೇಕು ಲಗೂ ಹೇಳು, ಬಂಡಿ ಬಂತು!"

ಆ ಬೇಸಿಗೆಯಲ್ಲಿ ಬಾದಾಮಿಯ ಒಂದು ದೊಡ್ಡ ಮನೆತನದಿಂದ ಮದುವೆಯ ಸೀರೆಗಳಿಗೆ ಹೇಳಿಕೆ ಬಂದಿತ್ತು. ಮದುಮಗಳಿಗೆ ಕೆಂಪು ರೇಷ್ಮೆ ಸೆರಗಿನದು, ಉಳಿದವು ಬೀಗರಿಗೆ. ಸೋಮವಾರ ಅರಿಷಿಣ. ಅಷ್ಟರೊಳಗೆ ಮುಟ್ಟದಿದ್ದರೆ ಅವರು ಬೇರೆ ಕಡೆ ಕೊಳ್ಳುವವರಿದ್ದರು. ಹೊರಡುವಾಗ ಸಾವುಕಾರ ಅಜ್ಜನಿಗೆ ಹೇಳಿದ್ದ: "ಈ ಗಂಟು ತಿರುಗಿ ಬಂತಂದ್ರ ನೀನೂ ಮಗ್ಗದ ಕುಣಿಗೆ ತಿರುಗಿ ಬಂದಿ ಅಂತ ತಿಳ್ಕೋ." ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಲಿ ನೇಯುವುದೆಂದರೆ ಅಜ್ಜನಿಗೆ ಜೈಲು ಇದ್ದಂತೆ. ದಾರಿಯಿಲ್ಲದೆ ಅವರಿಗೆ ಉಸಿರಾಡಲು ಆಗುತ್ತಿರಲಿಲ್ಲ.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆದ್ದರಿಂದ ರವಿವಾರ ಸಂಜೆಗೆ ಬಾದಾಮಿ ಸೇರಲೇಬೇಕಿತ್ತು. ರವಿವಾರ ಬೆಳಿಗ್ಗೆ ಗುಳೇದಗುಡ್ಡದ ಹೊರಗೆ ಬಂಡಿಯ ಹಿಂದಿನ ಅಚ್ಚು ಲಟಕ್ಕನೆ ಮುರಿಯಿತು. ಮನೆ ಒಂದು ಮಗ್ಗುಲಿಗೆ ಕುಸಿಯಿತು. ತೊಟ್ಟಿಯ ರೊಟ್ಟಿಗಳು ಉರುಳಿ ಬಂದು ದೇವರ ಗೂಡಿನ ಮುಂದೆ ನೈವೇದ್ಯದಂತೆ ಕುಳಿತವು.

ಎದುರಿಗೇ ಬಡಿಗೇರ ಕಾಳಪ್ಪನ ಮನೆ. ಅವನು ಬಗ್ಗಿ ನೋಡಿ, "ಒಣಗಿದ ಜಾಲಿ ತೊಲಿ ಐತ್ರಿ. ಮಧ್ಯಾಹ್ನದೊಳಗ ಕೂಡಿಸಿ ಕೊಡ್ತೇನಿ" ಎಂದ. ಅಜ್ಜ ಸಮಾಧಾನದಿಂದ ಖಣದ ಗಂಟು ಬಿಚ್ಚಿದರು. ಕಾಳಪ್ಪನ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹೊಟ್ಟೆ ಹಿಡಿದು ನಕ್ಕಳು.

"ಗುಳೇದಗುಡ್ಡಕ್ಕ ಬಂದು ಖಣಾ ಕೊಡ್ತೀರೇನ್ರಿ ಯಣ್ಣಾ? ಬರ್ರಿ, ಒಳಗ ಬಂದು ನೋಡ್ರಿ."

ನೋಡಿದೆವು. ಆ ಊರಿನಲ್ಲಿ ಮನೆಮನೆಗೆ ಖಣದ ಮಗ್ಗ. ಮಗ್ಗ ಕೆಟ್ಟಾಗ ಸರಿಮಾಡುವವನು ಕಾಳಪ್ಪ. ನೇಕಾರರು ಅವನಿಗೂ ಖಣವನ್ನೇ ಕೊಡುತ್ತಿದ್ದರು. ಹಪ್ಪಳ ಒಣಗುತ್ತಿದ್ದದ್ದು ಖಣದ ಮೇಲೆ. ಗಡಿಗೆಯ ಬಾಯಿಗೆ ಕಟ್ಟಿದ್ದು ಖಣ. ಕೌದಿಯೆಲ್ಲ ಖಣ. ಕರುವಿನ ಕೊರಳಲ್ಲೂ ಖಣ. ನಾವು ಖಣ ಕೊಳ್ಳುತ್ತಿದ್ದದ್ದೇ ಆ ಊರಿನಲ್ಲಿ. ಆದರೆ ಬಂಡಿ ಅಲ್ಲಿ ಎಂದೂ ಮುರಿದಿರಲಿಲ್ಲ, ಹಾಗಾಗಿ ಇದು ನಮ್ಮ ತಲೆಗೇ ಬಂದಿರಲಿಲ್ಲ.

"ನನಗ ಇಳಕಲ್ ಸೀರಿ ಬೇಕು" ಎಂದಳು ಗಂಗವ್ವ.

"ಅವು ಮದವಿ ಸೀರಿ ತಂಗೀ. ಒಂದು ಕಡಿಮಿ ಬಿದ್ರ ಬೀಗರ ಜಗಳ ನನ್ನ ತಲಿಮ್ಯಾಲ ಬರತೈತಿ. ತಿರುಗಿ ಬರುವಾಗ ರೊಕ್ಕ ಕೊಡ್ತೇನಿ."

"ತಿರುಗಿ ಬರೂದು ಇದೇ ಬಂಡ್ಯಾಗ ಹೌದಲ್ರಿ? ಹಂಗಾದ್ರ ಬಂದಂಗ ಆತು ಬಿಡ್ರಿ!"

ಅಜ್ಜ ಬಾಡಿಗೆ ಗಾಡಿ ಹುಡುಕಿ ಬಂದರು. ಮದುವೆಗಳ ಕಾಲ, ಒಂದೂ ಇರಲಿಲ್ಲ. ಗಂಟನ್ನು ಎತ್ತಿನ ಬೆನ್ನಿಗೆ ಹೇರೋಣವೆಂದರೆ, ನಮ್ಮ ಎತ್ತುಗಳು ಬೆನ್ನ ಮೇಲೆ ಕಾಗೆ ಕುಳಿತರೂ ಒದೆಯುವಂಥವು. ಬಿಸಿಲು ಏರುತ್ತಿತ್ತು. ಅಜ್ಜ ಮುರಿದ ಅಚ್ಚಿನ ಮೇಲೆ ಕೈಯಿಟ್ಟು, ಆಗಲೇ ಕುಣಿಯಲ್ಲಿ ಇಳಿದವರಂತೆ ಕುಳಿತುಬಿಟ್ಟರು.

ಗಂಗವ್ವ ಕಾಣಲಿಲ್ಲ. ತಿರುಗಿ ನೋಡಿದರೆ ನಮ್ಮ ಬಂಡಿಯೊಳಗೆ ವಾರೆಯಾಗಿ ಕುಳಿತು ಗಾಜಿನ ಕಿಟಕಿಯನ್ನು ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ. ಅಂಗಳದಲ್ಲಿ ಕಾಳಪ್ಪನ ಸ್ವಂತ ಗಾಡಿ ನಿಂತಿತ್ತು. ಎರಡು ಗಾಲಿ, ಬಿದಿರಿನ ತಟ್ಟಿ, ಅಷ್ಟೇ. ಉದ್ದರಿ ಒಲ್ಲೆ ಎಂದವರ ಹತ್ತಿರ ಅಜ್ಜ ಅದನ್ನು ಕೇಳಿರಲಿಲ್ಲ. ನಾನು ಅಭ್ಯಾಸದಂತೆ ಅಜ್ಜನ ಮುಖ ನೋಡಿದೆ. ಅಲ್ಲಿ ಯಾವ ಉತ್ತರವೂ ಇರಲಿಲ್ಲ.

"ಅಕ್ಕಾರ, ಈ ಮನಿ ನೀವ ಇಟ್ಕೋರಿ. ನಿಮ್ಮ ಗಾಡಿ ನಮಗ ಕೊಡ್ರಿ."

ಅದು ನನ್ನ ದನಿ ಎಂದು ತಿಳಿಯಲು ನನಗೇ ಹೊತ್ತು ಹಿಡಿಯಿತು.

"ಏ, ನೀ ಮಾತಾಡಿದಿ!" ಎಂದರು ಅಜ್ಜ, ಬೆರಗಾಗಿ. ಆಮೇಲೆ ಎದ್ದು ನಿಂತರು. "ಏನಂದಿ?"

ನಾನು ಅವರ ಕಡೆ ನೋಡಲಿಲ್ಲ, ನೋಡಿದರೆ ಬಾಯಿ ಮುಚ್ಚಿಹೋಗುತ್ತಿತ್ತು. "ಬಾದಾಮಿಗೆ, ಬನಶಂಕರಿಗೆ ಹೋಗಾವ್ರು ಇದೇ ರಸ್ತಾ ಹಿಡೀತಾರ. ಇದನ್ನ ಇಲ್ಲೇ ನಿಲ್ಲಿಸಿ, ಒಳಗ ಖಣಾ ಹರವಿ ಅಂಗಡಿ ಮಾಡ್ರಿ. ಕಿಟಕಿ ಹೆಂಗೂ ಐತಿ."

ಕಾಳಪ್ಪ ಹೆಂಡತಿಯ ಮುಖ ನೋಡಿದ. ಅವರ ಮನೆಯಲ್ಲಿ ಉತ್ತರ ಆ ಕಡೆಯಿಂದ ಬರುತ್ತಿತ್ತು. "ಆತು" ಎಂದಳು ಗಂಗವ್ವ, ಕಿಟಕಿ ಬಿಡದೆ.

"ಗಾಡಿಕಿಂತ ಮನಿ ದೊಡ್ಡದು. ಮ್ಯಾಲ ಒಂದು ಗಂಟು ಖಣಾನೂ ಕೊಡಬೇಕು" ಎಂದೆ.

"ಅಯ್ಯ ಶಿವನ! ಮೂಕಿ ಅನ್ಕೊಂಡಿದ್ನಲ್ಲ ಈಕೀನ!" ಎನ್ನುತ್ತಲೇ ಗಂಗವ್ವ ಒಂದು ಗಂಟು ಖಣ ತಂದಿಟ್ಟಳು.

ಅಜ್ಜ ಬಾಯಿ ಬಿಟ್ಟು ಕೇಳಿದ್ದು ಸ್ನಾನದ ತೊಟ್ಟಿಯೊಂದನ್ನೇ. ಸಿಕ್ಕಿತು. ಬಾದಾಮಿ ಮುಟ್ಟಿದಾಗ ಗುಡ್ಡದ ಕಲ್ಲಿನ ಮೇಲೆ ಇನ್ನೂ ಬಿಸಿಲಿತ್ತು. ಮದುಮಗಳ ತಾಯಿ ಸೆರಗು ಬಿಡಿಸಿ ನೋಡಿ, ನೇರ ದೇವರ ಮುಂದೆ ಇಟ್ಟಳು. ಅದಕ್ಕಿಂತ ದೊಡ್ಡ ಒಪ್ಪಿಗೆ ನಮ್ಮ ವ್ಯಾಪಾರದಲ್ಲಿ ಇಲ್ಲ. ಆದರೆ ದಾರಿಯುದ್ದಕ್ಕೂ ಅಜ್ಜ ಆಡಿದ್ದು ಒಂದೇ ಮಾತು: "ಸ್ಪ್ರಿಂಗ್ ಇಲ್ಲ. ಬೆನ್ನು ನೋಯತೈತಿ."

ಮರುವರ್ಷ ಆ ದಾರಿಯಲ್ಲಿ ಬಂದಾಗ ಮನೆಬಂಡಿ ಗಾಲಿ ಕಳಚಿಕೊಂಡು ನಾಲ್ಕು ಕಲ್ಲುಗಳ ಮೇಲೆ ಕುಳಿತಿತ್ತು. ಕಿಟಕಿಯಲ್ಲಿ ಗಂಗವ್ವ, ಮುಂದೆ ಗಿರಾಕಿಗಳು. ಆಕೆಯ ಮೈಮೇಲೆ ಹೊಸ ಇಳಕಲ್ ಸೀರೆ ಇತ್ತು. ಅಜ್ಜ ಬಂಡಿಯನ್ನು ಒಂದು ಸುತ್ತು ಹಾಕಿದರು, ಹಲಗೆಯ ಮೇಲೆ ಕೈಯಾಡಿಸಿದರು, ಕತ್ತು ಎತ್ತಿ ಮಾಳಿಗೆ ನೋಡಿದರು.

ಇಷ್ಟು ವರ್ಷದ ತಿರುಗಾಟ ನನಗೆ ಕಲಿಸಿದ್ದು ಇದು, ಮಕ್ಕಳೇ: ಹಳೆಯ ಬಂಡಿ ಕೊಳ್ಳುವಾಗ ಅದರ ಬೆಲೆಯನ್ನಷ್ಟೇ ಕೇಳಬೇಡಿ. ದಾರಿಯಲ್ಲಿ ಎಷ್ಟು ಕಮ್ಮಾರರು, ಬಡಿಗರು ಇದ್ದಾರೆ, ಅವರ ಹೆಂಡಂದಿರಿಗೆ ಏನು ಬೇಕು ಎಂಬುದನ್ನೂ ಕೇಳಿಕೊಳ್ಳಿ.

ಅಜ್ಜ ಕಲಿತದ್ದು ಬೇರೆ ಇರಬೇಕು. ಹೊರಡುವ ಮುಂಚೆ ಕಾಳಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಮಳಿಗಾಲದಾಗ ಸೋರತೈತೇನು?"

"ಹೇಳಬ್ಯಾಡ್ರಿ! ಡಾಂಬರು ಬಳದು ಬಳದು ನನ್ನ ತೋಳು ಬಿದ್ದುಹೋದ್ವು."

ಅಂದು ಬಾದಾಮಿ ಮುಟ್ಟುವವರೆಗೂ ಅವರಿಗೆ ಬೆನ್ನು ನೋಯಲಿಲ್ಲ.