ಚಪ್ಪಲಿ ಬಿಡುವ ಜಾಗದಲ್ಲಿ ಶ್ರುತಿ

ಮೊನ್ನೆ ಭಾನುವಾರ ತಂಗಿಯ ಮಗಳು ನನ್ನ ಕಿವಿಗೆ ಇಯರ್‌ಫೋನು ತುರುಕಿ, 'ಮಾವ, ಇದ್ ಕೇಳಿ. ನಿಮ್ ಕಾಲ್ದಲ್ಲಿ ಇಂಥದೆಲ್ಲ ಎಲ್ಲಿತ್ತು' ಎಂದಳು. ಮೊದಲು ಡೋಲಿನಂಥದೊಂದು ಪೆಟ್ಟು, ಆಮೇಲೆ ಪಿಟೀಲು, ಅದರಡಿಯಲ್ಲಿ ಬಿಡದೆ ಎಳೆಯುವ ಒಂದೇ ಸ್ವರ, ಇದೆಲ್ಲದರ ಮೇಲೆ ಬಂದು ಬೀಳುವ ಎಲೆಕ್ಟ್ರಿಕ್ ಗಿಟಾರು. ಅರ್ಧ ನಿಮಿಷವೂ ಆಗಿರಲಿಲ್ಲ, ಕಿತ್ತು ಅವಳ ಕೈಗೆ ಕೊಟ್ಟು 'ಸಾಕು ತೆಗಿ' ಎಂದು ರೇಗಿಬಿಟ್ಟೆ. ಹಾಡು ಚೆನ್ನಾಗಿರಲಿಲ್ಲವೆಂದಲ್ಲ, ತುಂಬ ಚೆನ್ನಾಗಿತ್ತು. ಸಿಟ್ಟು ಬಂದದ್ದು ಅದಕ್ಕೇ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಮುಂಗೋಪಿ ಎನ್ನಿ.

ಈ ಸಂಗೀತ ನನ್ನ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಪಾಂಡವಪುರದ ಪಕ್ಕದ ನಮ್ಮೂರಿನಲ್ಲಿ. ಡಿಗ್ರಿ ಮುಗಿಸಿ, ಕಂಡ ಕಂಡ ಆಫೀಸಿಗೆ ಅರ್ಜಿ ಹಾಕಿ, ಉಳಿದ ಹೊತ್ತಿನಲ್ಲಿ ಅಪ್ಪನ ಕಣ್ಣಿಗೆ ಬೀಳದಂತೆ ಓಡಾಡುವುದೇ ಆಗ ನನ್ನ ಉದ್ಯೋಗ. ಮೈಸೂರಿನ ಹಾಸ್ಟೆಲಿನಲ್ಲಿದ್ದ ಸೋದರಮಾವನ ಮಗ ಒಂದು ಕ್ಯಾಸೆಟ್ಟು ತಂದುಕೊಟ್ಟ. ಯಾರದೋ ಕ್ಯಾಸೆಟ್ಟಿನಿಂದ ಇನ್ಯಾರೋ ಇಳಿಸಿಕೊಂಡು, ಅದರಿಂದ ಇವನು ಇಳಿಸಿಕೊಂಡದ್ದು. ಮೇಲೆ ಬಾಲ್‌ಪೆನ್ನಿನಲ್ಲಿ 'ಇಂಗ್ಲಿಷು' ಎಂದಷ್ಟೇ ಬರೆದಿತ್ತು. ಹಾಡಿದವರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಐರ್ಲೆಂಡು, ಸ್ಕಾಟ್ಲೆಂಡುಗಳ ಹಳ್ಳಿ ಹಾಡಿಗೆ ಗಿಟಾರು, ಡ್ರಮ್ಮು ಕೂಡಿಸಿದರೆ ಸೆಲ್ಟಿಕ್ ರಾಕ್ ಅನ್ನುತ್ತಾರೆ, ಇನ್ನೂ ಒರಟಾಗಿ ಬಾರಿಸಿದರೆ ಫೋಕ್ ಮೆಟಲ್ ಅನ್ನುತ್ತಾರೆ ಎಂದು ತಿಳಿದದ್ದೂ ಎಷ್ಟೋ ವರ್ಷದ ಮೇಲೆ. ಕ್ಯಾಸೆಟ್ಟಿನ ಎರಡನೆಯ ಬದಿ ಈ ಒರಟಿನದು. ಕೆಸರುಗದ್ದೆಯಲ್ಲಿ ಹೂತ ಟ್ರಾಕ್ಟರಿನಂತೆ ಗಿಟಾರು ಅರಚುತ್ತಿತ್ತು, ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ, ನಡುವೆ ಇದ್ದಕ್ಕಿದ್ದಂತೆ ಒಂದು ಕೊಳಲು. ಅವ್ವ ಅಡುಗೆಮನೆಯಿಂದ ಬಂದು, ಟೇಪ್‌ರೆಕಾರ್ಡರು ಕೆಟ್ಟಿದೆಯೇ ಎಂದು ವಿಚಾರಿಸಿಕೊಂಡು ಹೋದಳು.

ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಬದಿಯ ಆ ಒಂದೇ ಸ್ವರ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಎಲ್ಲೋ ಏನು ಬಂತು, ನಮ್ಮ ಪ್ರತಿ ಮದುವೆಯಲ್ಲೂ ಕೇಳಿದ್ದೆ. ವಾಲಗದ ತಂಡದಲ್ಲಿ ಶ್ರುತಿ ಊದುವವನೊಬ್ಬ ಇರುತ್ತಾನೆ. ನೀವೂ ನೋಡಿರುತ್ತೀರಿ, ಗಮನಿಸಿರುವುದಿಲ್ಲ. ತೂತುಗಳಿಗೆ ಮೇಣ ಮೆತ್ತಿದ ಕೊಳವೆ ಅವನದು. ನಾಗಸ್ವರದವನು ರಾಗ ನುಡಿಸಿ ಹೊಗಳಿಸಿಕೊಳ್ಳುತ್ತಾನೆ, ಇವನು ಧಾರೆಯಿಂದ ಊಟದವರೆಗೆ ಒಂದೇ ಸ್ವರ ಹಿಡಿದು ಕೂತಿರುತ್ತಾನೆ. ನಮ್ಮ ಮದುವೆಗಳಿಗೆ ಬರುತ್ತಿದ್ದ ನಾಗಮಂಗಲ ಕಡೆಯ ತಂಡದಲ್ಲಿ ಆ ಕೆಲಸ ಚೆಲುವನದು. ಅವನಿಗೆ ನನ್ನದೇ ವಯಸ್ಸು.

ಟೇಪ್‌ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಅವನ ಊರಿಗೆ ಹೋದೆ. ಅವನು ನನ್ನನ್ನು 'ಬುದ್ಧಿ' ಎಂದೇ ಕರೆದ. ಅವನ ಬೀದಿಯವರು ನಮ್ಮ ಜನವನ್ನು ಕರೆಯಬೇಕಾದದ್ದು ಹಾಗೆ, ಅವನಪ್ಪ ನಮ್ಮಪ್ಪನನ್ನು ಕರೆಯುತ್ತಿದ್ದದ್ದೂ ಹಾಗೇ. ತಲೆ ಬಗ್ಗಿಸಿಕೊಂಡು ಒಂದು ಹಾಡು ಪೂರ್ತಿ ಕೇಳಿ, 'ಇದು ಬಾಯಲ್ಲಿ ಊದ್ತಿರೋದಲ್ಲ ಬುದ್ಧಿ, ತಿದಿ ಮಡಗವ್ನೆ' ಎಂದ. ಕಮ್ಮಾರನ ಕುಲುಮೆಯಲ್ಲಿ ಗಾಳಿಯೂದುವ ಚರ್ಮದ ತಿದಿ ಇರುತ್ತದಲ್ಲ, ಅಂಥದು. ಬಾಯಲ್ಲಿ ಊದುವವನು ಕೆನ್ನೆಯಲ್ಲಿ ಗಾಳಿ ಇಟ್ಟುಕೊಂಡೇ ಮೂಗಿನಲ್ಲಿ ಉಸಿರೆಳೆಯಬೇಕು, ಆಗ ಸ್ವರ ಕೂದಲೆಳೆಯಷ್ಟಾದರೂ ಅಲುಗುತ್ತದೆ, ಇದು ಅಲುಗಲಿಲ್ಲ ಎಂದು ವಿವರಿಸಿದ. ಆ ಉಸಿರು ಕಲಿಯಲು ಅವನು ಚಿಕ್ಕಂದಿನಲ್ಲಿ ಪರಂಗಿ ಎಲೆಯ ದಂಟನ್ನು ನೀರಿನ ಚೊಂಬಿಗೆ ಇಟ್ಟು, ಗುಳ್ಳೆ ನಿಲ್ಲದಂತೆ ಗಂಟೆಗಟ್ಟಲೆ ಊದುತ್ತಿದ್ದನಂತೆ. ತಿಂಗಳಾದ ಮೇಲೆ ಲೈಬ್ರರಿಯ ಪುಸ್ತಕವೊಂದರಲ್ಲಿ ಬ್ಯಾಗ್‌ಪೈಪಿನ ಚಿತ್ರ ನೋಡಿದೆ. ಕಂಕುಳಲ್ಲಿ ಚರ್ಮದ ಚೀಲ ಇತ್ತು. ಡಿಗ್ರಿ ಮಾಡಿದ ನನಗೆ ಚಿತ್ರ ಬೇಕಾಯಿತು.

ಅಷ್ಟರಲ್ಲಿ ತಂಗಿಗೆ ಕೆ.ಆರ್. ಪೇಟೆಯ ಗಂಡು ಗೊತ್ತಾಯಿತು. ವಾಲಗ ಮತ್ತು ರಿಸೆಪ್ಷನ್ನಿನ ಆರ್ಕೆಸ್ಟ್ರಾ ಎರಡೂ ಹೆಣ್ಣಿನ ಕಡೆಯವರಾದ ನಮ್ಮ ಹೊಣೆ. ಆರ್ಕೆಸ್ಟ್ರಾ ಶ್ರೀರಂಗಪಟ್ಟಣದ್ದು, ಅದರಲ್ಲಿ ಗಿಟಾರು ನುಡಿಸುವ ಸಾದಿಕ್‌ಗೂ ಕ್ಯಾಸೆಟ್ಟಿನ ಹುಚ್ಚು ಹತ್ತಿಸಿದೆ. ಗಾಣ ರಿಪೇರಿಗೆಂದು ನಮ್ಮ ಆಲೆಮನೆ ನಿಂತಿತ್ತು. ಬೆಲ್ಲದ ವಾಸನೆಯ ಆ ಚಪ್ಪರದಡಿ ಹತ್ತು ಮಧ್ಯಾಹ್ನ ಮೂವರೂ ಸೇರಿದೆವು. ಮೇಣ ಮೆತ್ತಿದ ಕೊಳವೆ ಸ್ವರ ಬದಲಿಸುವುದಿಲ್ಲ, ಆದ್ದರಿಂದ ಸಾದಿಕ್ಕನೇ ತಂತಿ ಬಿಗಿದು, ಸಡಿಲಿಸಿ, ಚೆಲುವನಿಗೆ ಹೊಂದಿಕೊಂಡ. ನಾಲ್ಕನೆಯ ದಿನಕ್ಕೆ 'ಬುದ್ಧಿ' ಹೋಗಿ 'ಅಣ್ಣ' ಆಯಿತು. ವಾರ ಕಳೆಯುವಷ್ಟರಲ್ಲಿ ಚೆಲುವ, 'ತಪ್ಪೋಯ್ತು ಕಣ್ಲಾ, ಇನ್ನೊಂದ್ಸಲ ಹಾಕು ಟೇಪ' ಎನ್ನತೊಡಗಿದ್ದ. ನಾನು ಉಬ್ಬಿಹೋದೆ. ಜಾತಿಯನ್ನು ಊರಿಂದಾಚೆಗೆ ಓಡಿಸಿಬಿಟ್ಟವನಂತೆ ಎದೆ ಸೆಟೆಸಿ ತಿರುಗಿದೆ. ರಿಸೆಪ್ಷನ್ನಿನ ಸ್ಟೇಜಿನ ಮೇಲೆ ಗಿಟಾರಿನ ಪಕ್ಕ ನಿನಗೊಂದು ಕುರ್ಚಿ, ಒಂದು ಮೈಕು ಎಂದು ಮಾತು ಕೊಟ್ಟೆ. ಅವನು ಅದಕ್ಕೆಂದು ಬಿಳಿ ಶರ್ಟು ಹೊಲಿಸಿಕೊಂಡ.

ರಿಸೆಪ್ಷನ್ನಿನ ಸಂಜೆ ಛತ್ರದಲ್ಲಿ ಅಪ್ಪ ಬೀಗರ ನಡುವೆ ನಿಂತಿದ್ದರು. ನನ್ನನ್ನು ಕಂಡವರೇ, 'ಆರ್ಕೆಸ್ಟ್ರಾದೋರು ಸ್ಟೇಜ್ ಮ್ಯಾಲೆ ಬತ್ತಾರೆ, ವಾಲಗದೋರ್ನ ಮೆಟ್ಲತ್ರ ಕೂರ್ಸ್ಲಾ' ಎಂದರು. ಮೆಟ್ಟಿಲ ಹತ್ತಿರವೆಂದರೆ ಚಪ್ಪಲಿ ಬಿಡುವ ಜಾಗ. ವಾಲಗದವರು ಯಾವತ್ತೂ ಕೂರುತ್ತಿದ್ದದ್ದು ಅಲ್ಲೇ, ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ. ನಾನು ಚೆಲುವನ ಹತ್ತಿರ ಹೋಗಿ, ಸ್ಟೇಜಿನ ಮೇಲೆ ಆಗುವುದಿಲ್ಲ ಎಂದೆ. ಹೊಸ ಶರ್ಟಿನ ತೋಳು ಮಡಿಚುತ್ತಿದ್ದವನು ಕೈ ನಿಲ್ಲಿಸಿದ.

'ನಿಮ್ಮಪ್ಪ ಬ್ಯಾಡ ಅಂದ್ರೇನ್ಲಾ?'

'ಊಂ ಕಣ್ಲಾ' ಎಂದೆ.

ಅವನು ಮಡಿಚಿದ್ದ ತೋಳನ್ನು ಇಳಿಸಿಕೊಂಡ. 'ಆಯ್ತು ಬುದ್ಧಿ' ಎಂದ.

ಮೆಟ್ಟಿಲ ಹತ್ತಿರ ಹೋಗಿ ಕೂತ. ಸ್ಟೇಜಿನ ಮೇಲಿಂದ ಸಾದಿಕ್ ಎರಡು ಸಲ ನನ್ನತ್ತ ನೋಡಿ, ಆಮೇಲೆ ಸಿನಿಮಾ ಹಾಡು ನುಡಿಸಿದ. ನಾನು ಅವತ್ತು ಅಡುಗೆಯವರ ಬಾಗಿಲಿನಿಂದಲೇ ಒಳಗೆ ಹೊರಗೆ ಓಡಾಡಿದೆ. ಚೆಲುವ ಉಂಡನೋ ಇಲ್ಲವೋ ನೋಡಲಿಲ್ಲ. ಅವತ್ತಿನಿಂದ ಅಪ್ಪನ ಮೇಲೆ ನನಗೆ ಹೊತ್ತಿಕೊಂಡ ಬೆಂಕಿ ಆರಲೇ ಇಲ್ಲ. ಹಬ್ಬದ ದಿನವೂ ಅವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಜಾತಿಯ ವಿಚಾರ ಬಂದ ಕಡೆಯಲ್ಲೆಲ್ಲ ಈ ಕಥೆ ಹೇಳಿ, ನಮ್ಮಪ್ಪ ಎಂಥವರೆಂದು ಹಲ್ಲು ಕಡಿದಿದ್ದೇನೆ. ಕೇಳಿದವರು ನನ್ನ ಬೆನ್ನು ತಟ್ಟಿದ್ದಾರೆ.

ಮೊನ್ನೆಯೂ ಹಾಗೇ ಆಯಿತು. ಹುಡುಗಿಯ ಮೇಲೆ ರೇಗಿದವನು, ಅದೇ ಬಿಸಿಯಲ್ಲಿ ಟಿ.ವಿ. ಮುಂದೆ ಕೂತಿದ್ದ ಅಪ್ಪನ ಕಡೆ ತಿರುಗಿದೆ. ಎಂಬತ್ತು ದಾಟಿದ ಮನುಷ್ಯ ಎಂಬುದನ್ನೂ ನಾನು ನೋಡಲಿಲ್ಲ. ಚೆಲುವ, ಕ್ಯಾಸೆಟ್ಟು, ಆಲೆಮನೆ, ಬಿಳಿ ಶರ್ಟು ಎಲ್ಲವನ್ನೂ ಕಾರಿದೆ. ನಿಮ್ಮಿಂದಲೇ ಅವನು ಚಪ್ಪಲಿ ಪಕ್ಕ ಕೂತ ಎಂದೆ. ಅಪ್ಪ ಟಿ.ವಿ. ಆರಿಸಿ ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ಕಂಡದ್ದು ಬರೀ ಆಶ್ಚರ್ಯ.

'ಕೇಳಿದ್ರೆ ಬ್ಯಾಡ ಅಂತಿದ್ದೆ, ಸುಳ್ಯಾಕ್ ಹೇಳ್ಲಿ' ಎಂದರು. 'ಆದ್ರೆ ನೀನು ನನ್ನ ಕೇಳ್ನೇ ಇಲ್ವಲ್ಲಪ್ಪ.'

ನಿಜ, ಕೇಳಿರಲಿಲ್ಲ. ಆಲೆಮನೆಯ ಹತ್ತು ದಿನದಲ್ಲಿ ಒಂದು ದಿನವೂ ಚೆಲುವನ ಕುರ್ಚಿಯ ಮಾತನ್ನು ಅವರಿಗೆ ಹೇಳಿರಲಿಲ್ಲ. ಛತ್ರದಲ್ಲಿ ಅವರು ಎಂದಿನ ಮಾತು ಹೇಳಿದರು, ಬೀಗರ ಮುಂದೆ ನನ್ನ ಬಾಯಿ ಬಿದ್ದುಹೋಯಿತು. ಚೆಲುವನಿಗೆ 'ಊಂ ಕಣ್ಲಾ' ಎಂದದ್ದು ಹಸಿ ಸುಳ್ಳು. ಆ ಸುಳ್ಳನ್ನು ನಾನೇ ನಂಬಿಕೊಂಡು, ನೆಂಟರಿಗೆ, ಸ್ನೇಹಿತರಿಗೆ, ಈಗ ನಿಮಗೂ ಅಪ್ಪನ ಹೆಸರಿನಲ್ಲೇ ಹೇಳಿಕೊಂಡು ಬಂದೆ. ಅಪ್ಪ ಒಳ್ಳೆಯವರಾಗಿದ್ದರೆಂದು ಇದರ ಅರ್ಥವಲ್ಲ, ಅದನ್ನು ಅವರೇ ಒಪ್ಪಿಕೊಂಡರು. ನನಗೆ ಅಷ್ಟು ಯೋಗ್ಯತೆಯೂ ಇರಲಿಲ್ಲ. ಮೈಯೆಲ್ಲ ಉರಿಯಿತು, ಆದರೆ ಉರಿದು ಬೀಳಲು ಮನೆಯಲ್ಲಿ ಯಾರೂ ಸಿಗಲಿಲ್ಲ.

ತಂಗಿಯ ಮಗಳು ಇನ್ನೂ ಅಲ್ಲೇ ನಿಂತಿದ್ದಳು. 'ಮಾವ, ಆ ಚೆಲುವ ಈಗ ಎಲ್ಲವ್ರೆ?' ಎಂದಳು.

ಗೊತ್ತಿಲ್ಲ ಎಂದೆ. ಅದನ್ನೂ ನಾನು ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ.